ಕೆಳಮನೆಯ ಕೋಲು

ಧಬ್. ಧಬ್. ಧಬ್ ಧಬ್.

ಅವಳು ಕೋಲಿನಿಂದ ಕುಟ್ಟಿದಂತೆಲ್ಲ ಚಾವಣಿಯ ಹಲಗೆಗಳಿಂದ ಧೂಳು ಉದುರಿ ತಲೆಯ ಮೇಲೆ ಬಿತ್ತು. ಮೇಲಿನ ಕೋಣೆಯಲ್ಲಿ ಹಾಡು ತಟ್ಟನೆ ನಿಂತಿತು. ಅದರ ಬೆನ್ನಿಗೇ ಚಪ್ಪಾಳೆ.

"ಚಪ್ಪಾಳೆ ಬೇರೆ! ಕೊಬ್ಬು ನೋಡು ಇವರಿಗೆ."

ಮಂಚದ ಮೇಲೆ ಗಂಡ ಮಗ್ಗುಲು ಬದಲಿಸಿದ. ರಾತ್ರಿ ಬಸ್ಸಿನ ಚಾಲಕ. ಹಗಲೇ ಅವನಿಗೆ ರಾತ್ರಿ. ಕಳೆದ ವಾರ ಸ್ಟೀರಿಂಗ್ ಹಿಡಿದೇ ತೂಕಡಿಸಿ ಬಸ್ಸನ್ನು ಸೇತುವೆಯ ಕಂಬಕ್ಕೆ ಉಜ್ಜಿದ್ದ. ಇನ್ನೊಮ್ಮೆ ಹೀಗಾದರೆ ಮನೆಗೆ ಹೋಗು ಎಂದಿದ್ದರು ಡಿಪೋದಲ್ಲಿ. ಅವಳ ಕಣ್ಣಿಗೆ ಕಟ್ಟಿದ್ದು ಕೆಲಸವಲ್ಲ, ಕಂಬದಾಚೆಯ ನೀರು.

ಮೇಲಿನ ಕೋಣೆಯಲ್ಲಿ ಹಿಂದೊಬ್ಬ ಹಾಡುಗಾರ ಬಾಡಿಗೆಗಿದ್ದ. ಸತ್ತ ಮೇಲೆ ದೊಡ್ಡವನಾದ. ಈಗ ಆ ಕೋಣೆಯನ್ನು ಒಬ್ಬ ಟೂರಿನವನು ಬಾಡಿಗೆಗೆ ಹಿಡಿದಿದ್ದ. ವಾರದ ಕೊನೆಗೆ ಎಲ್ಲೆಲ್ಲಿಂದಲೋ ಅಭಿಮಾನಿಗಳನ್ನು ಈ ಮಹಾನಗರಕ್ಕೆ ಕರೆತರುತ್ತಿದ್ದ. ಬೆಳಿಗ್ಗೆ ಹಾಡುಗಾರ ಮೊದಲು ಹಾಡಿದ ಸಭಾಂಗಣ, ಆಮೇಲೆ ಅವನು ಚಹಾ ಕುಡಿಯುತ್ತಿದ್ದ ಅಂಗಡಿ, ಮಧ್ಯಾಹ್ನ ಈ ಕೋಣೆ. ಬಂದವರಿಗೆಲ್ಲ ಅದೇ ಒಂದು ಹಾಡು. ಜೋರಾಗಿ. ಅವಳು ಕುಟ್ಟುವವರೆಗೆ.

ಹಳೆಯ ಪೊರಕೆ ಕೋಲು ಮುರಿದ ಮರುದಿನವೇ ಯಾರೋ ಗಟ್ಟಿ ಬಿದಿರೊಂದನ್ನು ಬಾಗಿಲಿಗೆ ಒರಗಿಸಿಟ್ಟಿದ್ದರು. ಈ ಗದ್ದಲಕ್ಕೆ ಪಕ್ಕದ ಮನೆಯಾಕೆಗೂ ತಲೆ ಕೆಟ್ಟಿರಬೇಕು, ಅವಳೇ ಇಟ್ಟಿರಬೇಕು ಎಂದುಕೊಂಡು ಮನಸ್ಸಿನಲ್ಲೇ ಹರಸಿದ್ದಳು.

ಮೆಟ್ಟಿಲ ಮೇಲೆ ಹೊಸ ಹೆಜ್ಜೆಗಳ ಸದ್ದು. ಹಾಡು ಮತ್ತೆ ಮೊದಲಿನಿಂದ.

"ಇವತ್ತು ನೀರಿಳಿಸೇ ಬರ್ತೀನಿ."

"ಜಗಳ ಬೇಡ ಕಣೇ," ಗಂಡ ಕಣ್ಣು ಮುಚ್ಚಿಕೊಂಡೇ ಅಂದ.

"ಜಗಳ ಯಾರು ಮಾಡ್ತಾರೆ? ಮಾತಾಡ್ತೀನಿ ಅಷ್ಟೇ," ಎಂದು ಕೋಲು ಎತ್ತಿಕೊಂಡಳು.

ಮೇಲಿನ ಬಾಗಿಲು ತಳ್ಳಿದಾಗ ಅಲ್ಲಿದ್ದವರು ಅವಳ ಕೋಲು ನೋಡಿದರು, ಅವಳ ಮುಖ ನೋಡಿದರು. ಒಬ್ಬಾಕೆಯ ಕಣ್ಣು ತುಂಬಿತ್ತು. "ಎಷ್ಟು ದಿನದಿಂದ ಪ್ಲಾನ್ ಮಾಡಿ ಬಂದ್ವಿ... ಅಮ್ಮಾ, ಒಂದು ಫೋಟೋ ತೆಗೀಲಾ?"

"ಫೋಟೋ ಅಂತೆ ಫೋಟೋ! ಕೆಳಗೊಬ್ಬ ಮನುಷ್ಯ ಮಲಗಿದಾನೆ. ನಿಮ್ಮ ಮನೇಲಿ ಯಾರೂ ನಿದ್ದೆ ಮಾಡಲ್ವಾ?"

ಟೂರಿನವನು ಓಡಿಬಂದು ಅವಳನ್ನು ಮೆಟ್ಟಿಲ ಬಳಿಗೆ ಕರೆತಂದು, ಹಿಂದಿನಿಂದ ಬಾಗಿಲೆಳೆದ. "ಅಕ್ಕಾ, ನೀವು ಮೇಲೆ ಬರಬಾರದಿತ್ತು."

"ಯಾಕೆ, ನನ್ನ ಕಾಲು ಸೋಕಿದ್ರೆ ನಿನ್ನ ಹಾಡುಗಾರ ಎದ್ದು ಬರ್ತಾನಾ?"

"ಕೋಪ ಮಾಡ್ಕೋಬೇಡಿ ಅಕ್ಕಾ. ಅಲ್ಲ, ಮಾಡ್ಕೊಳ್ಳಿ. ಆದ್ರೆ ಕೆಳಗಿದ್ದೇ ಮಾಡ್ಕೊಳ್ಳಿ."

"ಹಾಡು ನಿಲ್ಲಿಸ್ತೀಯೋ ಇಲ್ವೋ?"

"ಒಂದ್ನಿಮಿಷ. ಕೇಳಿ."

ಒಳಗೆ ಹಾಡು ನಡುವಿಗೆ ಬಂದಿತ್ತು. ಅವಳು ಅದನ್ನು ಇಷ್ಟು ದೂರ ಬರಲು ಎಂದೂ ಬಿಟ್ಟಿರಲಿಲ್ಲ. ಹಾಡುಗಾರನ ದನಿಯ ಅಡಿಯಿಂದ, ಎಲ್ಲೋ ಆಳದಿಂದ, ಇನ್ನೊಂದು ಸದ್ದು ಎದ್ದಿತು.

ಧಬ್. ಧಬ್. ಧಬ್ ಧಬ್.

"ನಿಮ್ಮತ್ತೆ," ಎಂದ ಅವನು ದನಿ ತಗ್ಗಿಸಿ. "ಕೂಸು ಮಲಗ್ಲಿ ಅಂತ ಕೆಳಗಿಂದ ಕುಟ್ಟೋರಂತೆ. ಈ ಹಾಡು ರೆಕಾರ್ಡ್ ಆಗಿದ್ದು ಇದೇ ಕೋಣೇಲಿ, ಆ ಸದ್ದೂ ಅದರಲ್ಲಿ ಸೇರ್ಕೊಂಡಿದೆ."

ಆ ಕೂಸು ಈಗ ಕೆಳಗೆ ನಿದ್ದೆಗೆಟ್ಟು ಹೊರಳಾಡುತ್ತಿತ್ತು.

"ಹಾಡು ಎಲ್ಲರ ಮನೇಲೂ ಇದೆ ಅಕ್ಕಾ. ಇವರು ಇಷ್ಟು ದೂರ ಬರೋದು ನೀವು ಕುಟ್ಟೋದನ್ನ ಕೇಳೋಕೆ. ಒಂದಿನ ನೀವು ಮನೇಲಿರಲಿಲ್ಲ, ಬಂದವರು ನನಗೆ ಬಾಯಿಗೆ ಬಂದ ಹಾಗೆ ಬೈದು ಹೋದ್ರು. ಒಂದು ಕೆಲಸ ಮಾಡೋಣ. ನೀವು ಬೇಗ ಕುಟ್ಟಿ, ನಾನು ಬೇಗ ನಿಲ್ಲಿಸ್ತೀನಿ. ಪೋಸ್ಟರಲ್ಲಿ ಅತ್ತೆ ಹೆಸರಿನ ಪಕ್ಕ ನಿಮ್ಮ ಹೆಸರೂ ಹಾಕಿಸ್ತೀನಿ. ಏನಂತೀರಿ?"

ಬಾಗಿಲ ಹಿಂದೆ ಎಲ್ಲರೂ ಆ ಸದ್ದಿಗಾಗಿ ಕಾಯುತ್ತಿದ್ದರು.

"ಇನ್ನು ನಾನು ಕುಟ್ಟಲ್ಲ," ಎಂದಳು ಅವಳು. "ಆಮೇಲೆ ಯಾರು ಬರ್ತಾರೋ ನೋಡ್ತೀನಿ."