ಎರಡನೆಯ ಮಲಾರ

ನಾಲ್ಕನೆಯ ಬಳೆ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿತು. ಮದುಮಗಳು ಮಹಾನಂದಾಳದು ಜೋಳ ಕೊಯ್ದು ಗಟ್ಟಿಯಾದ ಕೈ. ಮೇಲಾಗಿ ಬಳೆ ಜೋಲಾಡಬಾರದು, ಬಿಗಿಯಾಗಿರಬೇಕು ಅಂತ ಬೀಗತಿ ಸುಭದ್ರಾಬಾಯಿಯ ಅಪ್ಪಣೆ. ಬಳೆಗಾರ್ತಿ ಗೌಸಿಯಾಬೇಗಂ ಆ ಕೈಯನ್ನು ಹಿಟ್ಟು ನಾದಿದ ಹಾಗೆ ನಾದುತ್ತಿದ್ದಳು. ಹಸಿರು ಬಳೆ ಪೋಣಿಸಿದ ಮಲಾರ ಅವಳ ಮಡಿಲಲ್ಲಿತ್ತು. ಕೆಂಪು, ಕರಿ ಬಳೆಗಳ ಇನ್ನೊಂದು ಮಲಾರ ಪಡಸಾಲೆಯ ಕಟ್ಟೆಯ ಅಂಚಿಗಿತ್ತು.

ಅಫಜಲಪುರದ ಮುಂಜಾನೆ ಬಸ್ಸಿಗೆ ಬಂದಿಳಿದ ಸುಭದ್ರಾಬಾಯಿ ಎದುರಿಗೇ ಕೂತಿದ್ದಳು. ಹಲ್ಲಿ ಲೊಚಗುಟ್ಟಿತೆಂದು ಮಗನಿಗೆ ಗೊತ್ತುಮಾಡಿದ್ದ ಎರಡು ಸಂಬಂಧ ಬಿಟ್ಟ ಹೆಂಗಸು. ಮದುಮಗಳ ಕೈಯಲ್ಲಿ ಹಸಿರು ಬಳೆ ಒಡೆದರೆ ಹಂದರ ಕೀಳಿಸಿಯೇ ತಿರುಗಿ ಬಸ್ಸು ಹತ್ತುತ್ತಾಳೆಂದು ಹುಡುಗಿಯ ತಾಯಿ ಕಸ್ತೂರಿಬಾಯಿಗೆ ಚೆನ್ನಾಗಿ ಗೊತ್ತಿತ್ತು.

ಚಿಟ್ ಎಂದಿತು.

“ಏನಬೇ ಅದು ಸಪ್ಪಳ?” ಸುಭದ್ರಾಬಾಯಿ ಕತ್ತು ಚಾಚುವಷ್ಟರಲ್ಲಿ ಅಂಚಿನ ಮಲಾರ ಜಾರಿ ಝಲ್ಲೆಂದು ನೆಲಕ್ಕೆ ಬಿತ್ತು. ಪಡಸಾಲೆ ತುಂಬ ಕೆಂಪು, ಕರಿ ಚೂರು.

“ಯಾ ಅಲ್ಲಾ! ನನ್ನ ಹೊಟ್ಟಿ ಮ್ಯಾಲೆ ಕಲ್ಲು ಬಿತ್ತಲ್ರೆವ್ವಾ!” ಗೌಸಿಯಾ ಬಾಯಿ ಬಡಿದುಕೊಂಡಳು. ಎಲ್ಲರೂ ಎದ್ದರು. ಸುಭದ್ರಾಬಾಯಿಯೇ ಸೆರಗು ಸಿಕ್ಕಿಸಿ ಕಸಬರಿಗೆ ಹಿಡಿದಳು.

“ವಯಸ್ಸಾತಬೇ ನಿನಗ. ಕೈ ನಡಗಾಕತ್ತಾವ. ಸುಮ್ಮನ ಮನ್ಯಾಗ ಕೂಡಬಾರದ?”

“ಹೌದ್ರಿ ಅಕ್ಕಾರ, ಮುದುಕಿ ಆಗೇನಿ.”

ಚೂರೆಲ್ಲ ಗುಡಿಸಿ ಮುಗಿಯುವಷ್ಟರಲ್ಲಿ ಗೌಸಿಯಾ ಉಳಿದ ಬಳೆಗಳನ್ನೂ ತೊಡಿಸಿದ್ದಳು. ಸುಭದ್ರಾಬಾಯಿ ಸೊಸೆಯ ಕೈ ಹಿಡಿದು ನೋಡಿದಳು. ಬಳೆಗಳು ಸಾಲಾಗಿ, ಬಿಗಿಯಾಗಿ ಕೂತಿದ್ದವು. “ಛಲೋ ಆತು,” ಎಂದಳು.

ಗೌಸಿಯಾ ಹೊರಟಾಗ ಕಸ್ತೂರಿಬಾಯಿ ಮೊರದ ತುಂಬ ಜೋಳ ತುಂಬಿಕೊಂಡು ಬಾಗಿಲಿಗೆ ಬಂದಳು. ಮುದುಕಿ ಎಡಗೈಯೊಂದರಲ್ಲೇ ಸೆರಗು ಒಡ್ಡಿದಳು. ಬಲಗೈ ಮುಷ್ಟಿ ಬಿಗಿದಿತ್ತು.

“ಕೈ ಬಿಚ್ಚು ಚಾಚಿ.”

ಅಂಗೈಯಲ್ಲಿ ಹಸಿರು ಬಳೆಯ ಎರಡು ತುಂಡು. ಚುಚ್ಚಿದಲ್ಲಿ ರಕ್ತ ಒಸರಿತ್ತು. ಕಸ್ತೂರಿಬಾಯಿ ಜೋಳವನ್ನೆಲ್ಲ ಅವಳ ಸೆರಗಿಗೆ ಸುರುವಿದಳು. ಚಿಟ್ ಎಂದದ್ದನ್ನು ಕಿವಿಯಾರೆ ಕೇಳಿದ್ದ ತಾನೂ ಮಲಾರದ ಕಡೆಗೇ ನೋಡಿದ್ದಳಲ್ಲ! ಮನೆ ತುಂಬ ಇದ್ದವರ ಕಣ್ಣನ್ನೆಲ್ಲ ಈ ಮುದುಕಿ ಒಮ್ಮೆಲೇ ಎತ್ತಿ ಬೇರೆ ಕಡೆ ಇಟ್ಟಿದ್ದಳು. ಅವಳಿಗೆ ಕೈ ಮುಗಿಯಬೇಕೆನಿಸಿತು.

“ಎಷ್ಟು ಲುಕ್ಸಾನ ಮಾಡ್ಕೊಂಡಿ ಚಾಚಿ! ಅಷ್ಟರಾಗ ನಿನಗ ಹ್ಯಾಂಗ ಹೊಳೀತು?”

“ಅಷ್ಟರಾಗ ಯಾರಿಗಿ ಹೊಳೀತದವ್ವಾ?” ಗೌಸಿಯಾ ಜೋಳದ ಗಂಟು ಕಟ್ಟಿಕೊಂಡಳು. “ಮದಿವಿ ಮನಿಗಿ ಯಾವಾಗಲೂ ಎರಡು ಮಲಾರ ತರ್ತೇನಿ. ಒಂದು ತೊಡಸಾಕ, ಒಂದು ಬೀಳಾಕ.”