ಸೋಮವಾರದ ವೈರಸ್

ಕೆಂಪು ಬೈಕು ಮತ್ತೆ ಬಂತು. ಮುಕುಂದ ತನ್ನ ಡಿಟಿಪಿ ಅಂಗಡಿಯೊಳಗಿಂದಲೇ ಕತ್ತು ಉದ್ದ ಮಾಡಿ ನೋಡಿದ. ಎದುರಿನ ಸಹಕಾರ ಸಂಘದ ಮುಂದೆ ಬೈಕು ನಿಲ್ಲಿಸಿದ ಶ್ರೀರಾಮ್, ಅದರ ಕನ್ನಡಿಯಲ್ಲಿ ಕ್ರಾಪು ತೀಡಿಕೊಂಡು ಒಳಗೆ ಹೋದ. ಕಂಪ್ಯೂಟರ್ ರಿಪೇರಿಗೆ ಬಂದವನಿಗೆ ಕ್ರಾಪಿನ ಉಸಾಬರಿ ಯಾಕೆ?

ಅದು 1998. ಮುಳಬಾಗಿಲಿನಲ್ಲಿ ಕಂಪ್ಯೂಟರ್ ಇದ್ದ ಕಚೇರಿಗಳು ಬೆರಳೆಣಿಕೆಯಷ್ಟು. ಸಂಘದ ಕಂಪ್ಯೂಟರಿನ ಮುಂದೆ ಕೂರುವವಳು ಮುಕುಂದನ ಹೆಂಡತಿ ಸುಮೇಧಾ. ಅದಕ್ಕೆ ವೈರಸ್ ಬಂತೆಂದರೆ ಕೋಲಾರದಿಂದ ಓಡಿಬರುವವನು ಶ್ರೀರಾಮ್. ಬಂದವನು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಮಧ್ಯಾಹ್ನದ ತನಕ ಕೂರುತ್ತಿದ್ದ. ವೈರಸ್ಸಾದರೂ ಎಂಥದ್ದು, ಸೋಮವಾರ ತಪ್ಪದೆ ಬರುವಂಥದ್ದು! ಚಳಿಜ್ವರಕ್ಕೂ ಇಷ್ಟು ನಿಯತ್ತಿರುವುದಿಲ್ಲ. ಮುಕುಂದನಿಗೆ ಸಂಶಯ ಅಂಟಿಕೊಂಡಿತು.

ಹಾಗೆಂದು ಅವನೇನು ಕಟುಕ ಗಂಡನಲ್ಲ. ಬೆಳಗ್ಗೆ ಅವಳ ಚೀಲಕ್ಕೆ ಊಟದ ಡಬ್ಬಿ ಇಡುವವನೂ ಅವನೇ. ಸೋಮವಾರಗಳಂದು ಡಬ್ಬಿಯ ಜೊತೆ ಆ ವಾರದ ಪಂಚಾಂಗವೂ ಹೋಗುತ್ತಿತ್ತು. ಪುರೋಹಿತರಾದ ಅಪ್ಪ ಹೇಳಿದ್ದನ್ನು ಅಂಗಡಿಯಲ್ಲಿ ಟೈಪು ಮಾಡಿ, ಫ್ಲಾಪಿಗೆ ಹಾಕಿ, ರಾಹುಕಾಲ ಕಳೆದ ಮೇಲೆ ಕಳಿಸುತ್ತಿದ್ದ. ಸಂಘದ ಕಾರ್ಯದರ್ಶಿ ಚನ್ನರಾಯಪ್ಪನವರಿಗೆ ರಾಹುಕಾಲ ನೋಡದೆ ಯಾವ ಕಾಗದಕ್ಕೂ ಸಹಿ ಹಾಕಿ ಗೊತ್ತಿಲ್ಲ. ಕಚೇರಿ ಬಾಗಿಲು ತೆಗೆದ ಕೂಡಲೇ ಸುಮೇಧಾ ಪಂಚಾಂಗ ಮುದ್ರಿಸಿ ಬೋರ್ಡಿಗೆ ಅಂಟಿಸಬೇಕು. ಅಡಿಯಲ್ಲಿ ಮುಕುಂದನ ಹೆಸರು ದಪ್ಪಕ್ಷರದಲ್ಲಿ. ಬೈಕಿನವನು ಕಣ್ಣೆತ್ತಿದರೆ ಮೊದಲು ಗಂಡನ ಹೆಸರೇ ಕಾಣಬೇಕು, ಅಷ್ಟೇ ಅವನ ಆಸೆ.

"ಈ ವೈರಸ್ ಬರೋದು ಹೇಗೆ?" ಒಂದು ದಿನ ಊಟಕ್ಕೆ ಕೂತಾಗ ಕೇಳಿದ.

"ಶ್ರೀರಾಮ್ ಹೇಳಿದ್ರು ಕಣ್ರೀ. ನೋಡಕ್ಕೆ ಬರೀ ಕಾಗದದ ಥರ ಫೈಲು. ಒಳಗೆ ಯಾರೋ ಬರೆದಿಟ್ಟಿರೋ ಕಿತಾಪತಿ ಪ್ರೋಗ್ರಾಂ ಕೂತಿರತ್ತೆ. ಫೈಲು ತೆಗೆದ್ರೆ ಸಾಕು, ಅದೂ ಎದ್ದು ಓಡತ್ತೆ. ಅದಕ್ಕೇ ಹೊರಗಿನವರ ಫ್ಲಾಪೀನ ಪರೀಕ್ಷೆ ಮಾಡ್ದೆ ಹಾಕ್ಬಾರ್ದಂತೆ."

"ಶ್ರೀರಾಮ್ ಹೇಳಿದ್ರು!" ಮುಕುಂದ ಅಣಕಿಸಿದ. "ವೈರಸ್ ಬಿಡೋನೂ ಅವನೇ, ಹಿಡಿಯೋನೂ ಅವನೇ ಕಣೇ. ಇಲ್ದಿದ್ರೆ ವಾರ ವಾರ ನಿನ್ನ ಪಕ್ಕ ಕೂರಕ್ಕೆ ನೆಪ ಎಲ್ಲಿ ಸಿಗತ್ತೆ?"

ಸುಮೇಧಾ ತಟ್ಟೆ ಬಿಟ್ಟು ಎದ್ದಳು.

ಒಂದು ವಾರ ಮಾತುಕತೆ ಇಲ್ಲ. ಆ ಸೋಮವಾರ ಅವನು ಅವಳ ಚೀಲವನ್ನೂ ಮುಟ್ಟಲಿಲ್ಲ. ಅಂಗಡಿಯಲ್ಲಿ ಕೂತು ರಸ್ತೆ ಕಾದ. ನಂಗಲಿ ಕಡೆಯ ಲಾರಿಗಳೆಲ್ಲ ಹೋದವು, ಕೆಂಪು ಬೈಕು ಮಾತ್ರ ಬರಲಿಲ್ಲ. ಹುಷಾರಾಗಿದ್ದಾರೆ, ಇವಳೇ ಎಚ್ಚರಿಸಿದ್ದಾಳೆ ಎಂದುಕೊಂಡ. ಅಪ್ಪ ನಡುವೆ ಬಂದು ರಾಜಿ ಮಾಡಿಸಿದರು. ಮುಂದಿನ ಸೋಮವಾರ ಎಂದಿನಂತೆ ಚೀಲ ತುಂಬಿ ನಗುನಗುತ್ತ ಕಳಿಸಿದ. ಬೈಕು ಹಾಜರ್! ಇನ್ನೇನು ಸಾಕ್ಷಿ ಬೇಕು?

ಮನಸ್ಸು ಕೆಟ್ಟರೆ ಕೈಕೆಲಸವೂ ಕೆಡುತ್ತದೆ. ನಂಗಲಿಯ ಪೆದ್ದಪ್ಪ ಮಗಳ ಲಗ್ನಪತ್ರಿಕೆಯನ್ನು ಅವನ ಮುಖದ ಮುಂದೆ ಹಿಡಿದ. ವಧುವಿನ ಹೆಸರು ಹೋಗಿ ಛತ್ರದ ವಿಳಾಸದ ಮಧ್ಯೆ ಕೂತಿತ್ತು. "ಏಮಯ್ಯಾ ಇದಿ, ಏನಿದು? ಮದುವೆ ನನ್ನ ಮಗಳಿಗಾ, ಛತ್ರಕ್ಕಾ?" ಮುಕುಂದ ತಲೆ ತಗ್ಗಿಸಿದ. ಎಲ್ಲೋ ನೋಡುತ್ತ ಟೈಪು ಮಾಡಿದರೆ ಇನ್ನೇನಾಗುತ್ತದೆ? ಇದೂ ಆ ಕ್ರಾಪಿನವನ ಲೆಕ್ಕಕ್ಕೇ ಸೇರಿತು.

ಭಾನುವಾರ ಅವನು ಹೆಂಡತಿಗೆ ಕಡ್ಡಿ ಮುರಿದಂತೆ ಹೇಳಿದ, "ಕೆಲಸ ಬಿಡು."

"ಬಿಡ್ತೀನಿ. ಶ್ರೀರಾಮ್ ಅವರೇ ವೈರಸ್ ತರ್ತಿದಾರೆ ಅಂತ ನಾಳೆ ಎಲ್ಲರೆದುರು ತೋರಿಸಿ, ನಾಳೆನೇ ಬಿಡ್ತೀನಿ." ಸುಮೇಧಾ ಅವನತ್ತ ತಿರುಗಿದಳು. "ತೋರಿಸಕ್ಕಾಗ್ದಿದ್ರೆ ನಾನು ಶ್ರೀನಿವಾಸಪುರದ ಬಸ್ಸು ಹತ್ತುತೀನಿ. ತೌರಲ್ಲಿ ನನ್ನ ಮಾತು ನಂಬೋರಿದಾರೆ."

ಸೋಮವಾರ ಬೆಳಗ್ಗೆ ಮಾತ್ರ ಎಂದಿನಂತೆ ಅವಳ ಚೀಲ ತುಂಬಿ ಕಳಿಸಿದ. ಬೈಕು ನಿಂತದ್ದೇ ತಡ, ಮುಕುಂದ ರಸ್ತೆ ದಾಟಿ ಸಂಘದೊಳಗೆ ನುಗ್ಗಿದ.

"ವೈರಸ್ ಯಾರು ತರ್ತಿದಾರೆ ಅಂತ ಇವತ್ತು ಗೊತ್ತಾಗ್ಬೇಕು. ಇಲ್ಲಿರೋ ಫ್ಲಾಪಿ ಎಲ್ಲಾ ನನ್ನೆದುರಿಗೇ ಪರೀಕ್ಷೆ ಆಗ್ಲಿ. ತಂದವನು ಯಾರೇ ಆಗಿರ್ಲಿ, ಇನ್ಮೇಲೆ ಈ ಹೊಸ್ತಿಲು ತುಳೀಬಾರ್ದು!"

"ಸರೆ ಸ್ವಾಮಿ, ಹಂಗೇ ಆಗ್ಲಿ," ಎಂದರು ಚನ್ನರಾಯಪ್ಪ.

ಶ್ರೀರಾಮ್ ಕೋಪಿಸಿಕೊಳ್ಳಲಿಲ್ಲ. ತನ್ನ ಚೀಲದ ಫ್ಲಾಪಿಗಳನ್ನು ಮೇಜಿನ ಮೇಲೆ ಸುರಿದು ಒಂದೊಂದನ್ನೇ ಹಾಕಿದ. ಒಂದರಲ್ಲೂ ಏನೂ ಸಿಗಲಿಲ್ಲ. ಜವಾನ ಕದಿರೇಶ ಕಚೇರಿಯ ಫ್ಲಾಪಿ ಡಬ್ಬ ತಂದ. ಅದರಲ್ಲೂ ಇಲ್ಲ. ಮುಕುಂದ ಡಬ್ಬವನ್ನು ಬೋರಲು ಹಾಕಿ ನೋಡಿದ.

"ಇನ್ನೊಂದಿದೆ," ಎಂದಳು ಸುಮೇಧಾ. ಗೋಡೆಯ ದೇವರ ಪಟದ ಕೆಳಗೆ, ಕನಕಾಂಬರದ ಪಕ್ಕ, ಕುಂಕುಮ ಹಚ್ಚಿಸಿಕೊಂಡು ಕೂತಿದ್ದ ಫ್ಲಾಪಿಯನ್ನು ಎತ್ತಿಕೊಂಡಳು.

ಕದಿರೇಶ ಕೆನ್ನೆ ಬಡಿದುಕೊಂಡ. "ಐನೋರ ಮನೆ ಪಂಚಾಂಗ ಕಣಮ್ಮಾ! ಅದಕ್ಕೂ ಪರೀಕ್ಷೆನಾ?"

"ಎಲ್ಲಾ ಅಂದ್ರಲ್ಲ," ಎಂದು ಅದನ್ನು ಶ್ರೀರಾಮನ ಕೈಗಿತ್ತಳು.

ಪರದೆ ಕೆಂಪಗಾಯಿತು.

"ಇದೇ ಸರ್," ಶ್ರೀರಾಮ್ ಮೆಲ್ಲಗೆ ಹೇಳಿದ. "ಒಂದು ಸಾಲಿನ ಪದ ಎತ್ತಿ ಇನ್ನೊಂದು ಸಾಲಲ್ಲಿ ಕೂರಿಸೋ ಜಾತಿ. ಇದನ್ನ ಟೈಪ್ ಮಾಡಿದ ಕಂಪ್ಯೂಟರ್ ತುಂಬಾ ಇದೇ ಇರತ್ತೆ."

ಮುಕುಂದನಿಗೆ ಪೆದ್ದಪ್ಪನ ಛತ್ರ ನೆನಪಾಯಿತು. ಚನ್ನರಾಯಪ್ಪ ಅವನ ಕಾಲು ನೋಡಿದರು, ಆಮೇಲೆ ಹೊಸ್ತಿಲು ನೋಡಿದರು. ಸುಮೇಧಾ ಯಾರನ್ನೂ ನೋಡದೆ ಚೀಲ ಹೆಗಲಿಗೇರಿಸಿದಳು.

ಇಷ್ಟು ದಿನ, ಪ್ರತಿ ಸೋಮವಾರ, ರಾಹುಕಾಲ ಕಳೆಯುವುದನ್ನೇ ಕಾದು, ಶ್ರೀರಾಮನನ್ನು ಅವಳ ಪಕ್ಕದ ಕುರ್ಚಿಗೆ ಕರೆಸುತ್ತಿದ್ದವನು ಅವಳ ಗಂಡನೇ.