ಅರ್ಧ ಬಾಟಲಿ

ಕೊನೆಯ ಬಾಟಲಿ ಅರ್ಧ ತುಂಬುವಷ್ಟರಲ್ಲಿ ಕೊಳವೆ ಗೊರಗೊರ ಎಂದು ಗಾಳಿ ಎಳೆದು ನಿಂತುಬಿಟ್ಟಿತು. ಮೋನಪ್ಪ ಬಕೆಟ್ಟನ್ನು ಓರೆ ಮಾಡಿ ನೋಡಿದ. ಅಣ್ಣ ತಮ್ಮ ಸೇರಿ ಮೊದಲ ಸಲ ಮನೆಯಲ್ಲೇ ಮಾಡಿದ ಬಿಯರ್ ಮುಗಿದಿತ್ತು. ತಳದಲ್ಲಿ ಯೀಸ್ಟಿನ ರಾಡಿ ಮಾತ್ರ.

ಬಕೆಟ್ಟಿಗೆ ಅಂಟಿಸಿದ ಟೇಪಿನ ಮೇಲೆ ತಮ್ಮ ಯೋಗೀಶನ ಅಕ್ಷರವಿತ್ತು: ‘ಅಕ್ಟೋಬರ್ 5, 1996. ಮುಚ್ಚಳ ತೆಗೆಯಬೇಡಿ.’ ಬರೆದವನೇ ದಿನಕ್ಕೆರಡು ಸಲ ತೆಗೆದು ಮೂಸಿ ಅಣ್ಣನಿಂದ ಬೈಸಿಕೊಳ್ಳುತ್ತಿದ್ದ. ನಾಲ್ಕನೆಯ ದಿನ ಅಮೆರಿಕದ ಫೋರ್ಟ್ ಮಿಲ್‌ನ ಈ ಮನೆಯಿಂದ ಕೆಲಸಕ್ಕೆ ಹೊರಟವನು ಕಾರು ಅಪಘಾತದಲ್ಲಿ ಹೋಗಿಬಿಟ್ಟ. ಬಕೆಟ್ಟಿನೊಳಗಿನ ಗುಳ್ಳೆಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಅವು ಮತ್ತೊಂದು ವಾರ ಏಳುತ್ತಲೇ ಇದ್ದವು.

ಇವತ್ತು ಬೊಜ್ಜ, ಹದಿಮೂರನೆಯ ದಿನದ ಉತ್ತರಕ್ರಿಯೆ. ಒಳಗೆ ಸತ್ತವನಿಗೆ ಎಲೆ ಹಾಕಿ ಕೋಳಿಸಾರು ಬಡಿಸಿ ಆಗಿತ್ತು. ಯೋಗೀಶನ ಹೆಂಡತಿ ಹರಿಣಾಕ್ಷಿ ಗರಾಜಿನ ಬಾಗಿಲಿಗೆ ಬಂದು ನಿಂತಳು.

“ಭಾವ, ಒಂದು ಬಾಟ್ಲಿ ಕೊಡಿ. ಎಲೆಯ ಹತ್ರ ಇಡ್ಲಿಕ್ಕೆ.”

“ಈಗ ಆಗುದಿಲ್ಲ ಹರಿಣಾಕ್ಷಿ. ಮುಚ್ಚಳ ಹಾಕಿ ಇನ್ನೂ ಎರಡು ವಾರ ಇಟ್ರೆ ಮಾತ್ರ ಗ್ಯಾಸ್ ಹಿಡಿಯುದು. ಈಗ ಬರೇ ಚಪ್ಪೆ.”

ಅವಳು ಸಾಲಾಗಿ ಮುಚ್ಚಳ ಒತ್ತಿಟ್ಟ ಬಾಟಲಿಗಳನ್ನು ಮುಟ್ಟಲಿಲ್ಲ. ಚೆಲ್ಲಲೆಂದು ಅವನು ಬದಿಗಿಟ್ಟಿದ್ದ ಅರ್ಧ ಬಾಟಲಿಯನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡಳು.

“ಇದೇ ಸಾಕು ಭಾವ. ಅವರಿಗೆ ಕಾದು ಅಭ್ಯಾಸ ಇಲ್ಲ.”